ಆರು ನಿಮಿಷದ ಆಕಾಶ

ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ಹುಬ್ಬಳ್ಳಿಯದಕ್ಕೂ ನೇರ ದೂರ ಸುಮಾರು 370 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಅದು ಮುಕ್ಕಾಲು ಗಂಟೆಯ ಮಾತು. ಭೂಪಟದ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ (ಕೆಲಸವಿಲ್ಲದವರ ಕೆಲಸ, ಒಪ್ಪಿದೆ) ಅದು ಕೊರಟಗೆರೆ, ಮಧುಗಿರಿಗಳ ನಡುವೆ ನುಸುಳಿ ಶಿರಾದ ಪಕ್ಕದಲ್ಲೇ ಹಾದುಹೋಗುತ್ತದೆ. ಕೊರಟಗೆರೆಯಿಂದ ಶಿರಾಕ್ಕೆ ಐದೇ ನಿಮಿಷ! ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಶಿರಾ ಬಸ್ಸಿಗೆ ಕಾಯುವವರಿಗೆ ಐದು ನಿಮಿಷದಲ್ಲಿ ಬಸ್ಸಿನ ಬೋರ್ಡೂ ಕಂಡಿರುವುದಿಲ್ಲ. ನನ್ನ ವಾದವಿಷ್ಟೆ: ಹಾರುವ ಹೊತ್ತಿನ ಲೆಕ್ಕ ಸುಳ್ಳಲ್ಲ, ಆದರೆ ಅದನ್ನು ನಂಬಿ ಯಾರೂ ಊರು ಮುಟ್ಟಿದ್ದಿಲ್ಲ.

ಸಾಬೀತು ಮಾಡಲು ಮಧುಗಿರಿಗೊಂದು, ಪಾವಗಡಕ್ಕೊಂದು ನಿಲ್ದಾಣ ಕಟ್ಟಿಬಿಡೋಣ; ಕಾಗದದ ಮೇಲೆ ಕಟ್ಟಿದರೆ ಜಮೀನಿಗೆ ಪರಿಹಾರ ಕೊಡಬೇಕಿಲ್ಲ. ನೇರ ದೂರ 49 ಕಿ.ಮೀ., ಹಾರುವ ಹೊತ್ತು ಆರು ನಿಮಿಷ. ಹೊರಟ ಕೂಡಲೇ ಏಕಶಿಲೆಯ ಬೆಟ್ಟ, ಸುಮಾರು 1,200 ಮೀಟರ್. ಅದಕ್ಕೆ ಅರ್ಧ ಪ್ರದಕ್ಷಿಣೆ ಹಾಕುವುದರಲ್ಲೇ ಒಂದು ನಿಮಿಷ ಹೋಯಿತು. ಊರಿನ ಹೆಸರಿನಲ್ಲೇ ಜೇನಿದೆ, ಎಂಜಿನ್ ಸದ್ದಿಗೆ ಹುಳು ಎದ್ದರೆ ಆ ತಡ ಬೇರೆ. ಬೆಲ್ಟ್ ಬಿಚ್ಚಬಹುದು ಎಂದು ಗಗನಸಖಿ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕೆಳಗೆ ಮಡಕಶಿರಾ, ಅಂದರೆ ಆಂಧ್ರ. ಅದನ್ನೇ ತೆಲುಗಿನಲ್ಲಿ ಹೇಳಬೇಕು. ಒಂದೇ ಜಿಲ್ಲೆಯ ಎರಡು ತಾಲ್ಲೂಕಿನ ನಡುವೆ ಅಂತರರಾಜ್ಯ ವಿಮಾನ! ತೆಲುಗು ಮುಗಿಯುವಾಗ ಮತ್ತೆ ಕರ್ನಾಟಕ, ಬೆಲ್ಟ್ ಕಟ್ಟಿಕೊಳ್ಳಿ. ಕೊಟ್ಟ ಕಡಲೆಕಾಯಲ್ಲಿ ಮೂರು ಸುಲಿದಾಗಿದೆ, ಸಿಪ್ಪೆ ಎಲ್ಲಿ ಹಾಕಲಿ ಎಂದು ಕೇಳಬೇಕೆನ್ನುವಾಗ ಪಾವಗಡ. ಪೈಲಟ್ ಸ್ವಲ್ಪ ಮೈಮರೆತರೆ ಊರು ದಾಟಿ ತಿರುಮಣಿಯ ಸೋಲಾರ್ ಪಾರ್ಕ್, 13,000 ಎಕರೆ ಗಾಜು. ಇಷ್ಟಕ್ಕೆ ಎರಡು ಗಂಟೆ ಮೊದಲೇ ಬಂದು, ಸೊಂಟದ ಬೆಲ್ಟು ಬಿಚ್ಚಿ ಟ್ರೇನಲ್ಲಿಟ್ಟು ನಿಂತಿರಬೇಕು. ಅಷ್ಟರಲ್ಲಿ ಬಸ್ಸು ಪಾವಗಡ ಮುಟ್ಟಿ ಕಂಡಕ್ಟರು ಟೀ ಕುಡಿದಿರುತ್ತಾನೆ.

ದೆಹಲಿಗೆ ಹೋಗುವವರಿಗೂ ಇದೇ ಮಾತೇ ಎಂದರೆ, ಅಲ್ಲ. ಅಷ್ಟು ದೂರಕ್ಕೆ ವಿಮಾನವೇ ಸರಿ. ಹಾಗಾದರೆ ಬೆಂಗಳೂರಿನ ಎರಡನೇ ನಿಲ್ದಾಣವನ್ನು ಶಿರಾಕ್ಕೆ ಕೇಳುವುದು ತಪ್ಪೇ? ಅದೂ ಅಲ್ಲ. ಆದರೆ ಮೈಸೂರು, ಹಾಸನ ಬಿಟ್ಟರೆ ದೇವನಹಳ್ಳಿಯ 150 ಕಿ.ಮೀ. ಒಳಗೆ 2033ರವರೆಗೆ ಇನ್ನೊಂದು ನಿಲ್ದಾಣ ಕೂಡದೆಂಬ ಕರಾರಿದೆ. ಅದು ಮುಗಿದ ಮೇಲಿನ ಎರಡನೇ ನಿಲ್ದಾಣಕ್ಕೆ 2025ರಲ್ಲಿ ಕೇಂದ್ರದ ತಂಡ ನೋಡಿದ್ದು ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು. ಶಿರಾ ದೂರವಂತೆ. ಬೆಂಗಳೂರಿನವರು ಶಿರಾಕ್ಕೆ ಬಂದರೆ ದೂರ, ಶಿರಾದವರು ದೇವನಹಳ್ಳಿಗೆ ಹೋದರೆ ಯಾರೂ ದೂರ ಎನ್ನುವುದಿಲ್ಲ. ಅಳೆಯುವ ಟೇಪಿನ ಸೊನ್ನೆಯನ್ನು ಯಾವಾಗಲೂ ವಿಧಾನಸೌಧದ ಮೆಟ್ಟಿಲಿಗೇ ಒತ್ತಿಹಿಡಿಯಬೇಕೆಂದು ಯಾರು ಹೇಳಿದರೋ! ಇತ್ತ ನೆಲದ ಮೇಲಿನ ಮಾತಿಗೆ ಬಂದರೆ, ಪಾವಗಡದಿಂದ ಜಿಲ್ಲಾ ಆಸ್ಪತ್ರೆಯಿರುವ ತುಮಕೂರಿಗೆ ಸುಮಾರು 100 ಕಿ.ಮೀ. ರಸ್ತೆ, ನಡುವೆ ಆಂಧ್ರ. ಹೆರಿಗೆ ನೋವಿನಲ್ಲಿರುವವರು ನೇರ ಗೆರೆಯಲ್ಲಿ ಹೋಗಲಾಗುವುದಿಲ್ಲ. ಈ ನೆಲಕ್ಕೆಂದೇ ಹಾಕಿಕೊಂಡ ಗೆರೆಯೂ ಒಂದಿದೆ: ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡಗಳ ಮೇಲೆ ಹಾಯುವ ತುಮಕೂರು–ರಾಯದುರ್ಗ ರೈಲು ಮಾರ್ಗ, ಸುಮಾರು 207 ಕಿ.ಮೀ. ಮಂಜೂರಾದದ್ದು 2007–08ರಲ್ಲಿ. 2025ರಲ್ಲೂ ಮಧುಗಿರಿಯಲ್ಲಿ ರೈಲು ಹತ್ತುವ ಹಾಗಿರಲಿಲ್ಲ.