ಹಮ್ಮಿಗಿಯ ಉದ್ಯಮಿದರ್ಶನ: ಫ್ಯಾನಿನ ಶಾಸನಗಳ ಹಿನ್ನೆಲೆಯಲ್ಲಿ

ಜಗತ್ತಿನ ಬಗ್ಗೆ ಚಿಂತಿಸುವ ಕೆಲಸವನ್ನು ಹಿಂದೆ ಋಷಿಗಳು ಮಾಡುತ್ತಿದ್ದರು, ಅನಂತರ ಶರಣರು, ಆಮೇಲೆ ಕನ್ನಡ ಪ್ರಾಧ್ಯಾಪಕರು. 1991ರ ಈಚೆಗೆ ಈ ಹೊಣೆ ಉದ್ಯಮಿಗಳ ಹೆಗಲಿಗೆ ಬಿದ್ದಿದೆ. ಒಬ್ಬಾತ ಯಾವುದಾದರೊಂದು ಮಾಲನ್ನು ಲಾಭಕ್ಕೆ ಮಾರಿದನೆಂದರೆ ಕೃತಕ ಬುದ್ಧಿಮತ್ತೆ, ಉಕ್ರೇನ್ ಯುದ್ಧ, ಬಡಮಕ್ಕಳ ಓದು ಈ ಮೂರರಲ್ಲೂ ಅವನಿಗೆ ಏಕಕಾಲಕ್ಕೆ ಜ್ಞಾನೋದಯವಾಗುತ್ತದೆ. ಹೀಗೇಕೆಂದು ಯಾವ ವಿದ್ವಾಂಸರೂ ಪರಿಶೀಲಿಸಿದಂತಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ತುಂಗಭದ್ರೆಯ ದಂಡೆಯ ಊರು. ಹೊಳೆಗೆ ಅಡ್ಡಲಾಗಿ ಇಲ್ಲೊಂದು ಬ್ಯಾರೇಜು ಇದೆ. ಬ್ಯಾರೇಜು ನಿಂತಿರುವುದು ಹಮ್ಮಿಗಿಯಲ್ಲಿ. ಯೋಜನೆಯ ಹೆಸರು ಮಾತ್ರ ಸಿಂಗಟಾಲೂರು ಏತ ನೀರಾವರಿ. ವಸ್ತು ಒಂದೂರಿನದು, ಹೆಸರು ಇನ್ನೊಂದೂರಿನದು. ಈ ಸಂಗತಿ ಮುಂದೆ ಬೇಕಾಗುವುದರಿಂದ ಓದುಗರು ನೆನಪಿಡತಕ್ಕದ್ದು.

ನಮ್ಮ ಪ್ರಧಾನ ಆಕರ ಈ ಸೀಮೆಯಲ್ಲೇ ಹುಟ್ಟಿ, ಬೆಂಗಳೂರಿನಲ್ಲಿ ಆ್ಯಪ್ ಕಂಪನಿ ತೆರೆದು, ಜಾತ್ರೆಗೊಮ್ಮೆ ಊರಿಗೆ ಬರುವ ಒಬ್ಬ ಉದ್ಯಮಿ. ಅವರನ್ನು ಇಲ್ಲಿ ‘ಪ್ರಕೃತ ಪುರುಷ’ ಎಂದಷ್ಟೇ ಕರೆಯಲಾಗಿದೆ. ಅವರ ದರ್ಶನ ಲಿಖಿತ ರೂಪದಲ್ಲಿಲ್ಲ. ಬ್ಯಾರೇಜಿನ ಮೇಲೆ ಸಂಜೆ ನಿಂತು ಆಡಿದ್ದು ಬ್ಯಾರೇಜ್ ಪಾಠ. ಅದೇ ಮಾತು ಮರುದಿನ ಚಹಾದಂಗಡಿಯಲ್ಲಿ ಮಿರ್ಚಿ ತಿನ್ನುವವರ ಬಾಯಲ್ಲಿ ಬಂದದ್ದು ಚಹಾದಂಗಡಿ ಪಾಠ. ಎರಡರ ನಡುವಿನ ಪಾಠಾಂತರಗಳು ಗಮನಾರ್ಹ. ಬ್ಯಾರೇಜ್ ಪಾಠ: “ಇನ್ನು ಮುಂದೆ ಡೇಟಾನೇ ಎಣ್ಣೆ.” ಚಹಾದಂಗಡಿ ಪಾಠ: “ಡಾಟಾನ ಎಣ್ಣಿ ಅಂತಲೇ. ಅದರಾಗ ಮಿರ್ಚಿ ಕರಿಯಾಕ ಬರ್ತೈತೇನ್ ಕೇಳು.”

ಎರಡನೆಯದು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕುವ ಆಸೆ ಯಾರಿಗಾದರೂ ಆದೀತು. ಆದರೆ 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿತು. ಭಾರತ ತರಿಸಿಕೊಳ್ಳುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದುದು ಈ ಎರಡು ದೇಶಗಳಿಂದಲೇ. ಬಾಣಲೆಯ ಮುಂದೆ ಕೂತವನಿಗೆ ಅದು ಅದೇ ತಿಂಗಳು ಗೊತ್ತಾಯಿತು. ಪ್ರಕೃತ ಪುರುಷರು ಆ ಯುದ್ಧದ ಬಗ್ಗೆ ಮಾತಾಡಿದ್ದು ಮುಂದಿನ ಜಾತ್ರೆಯಲ್ಲಿ. ಆದ್ದರಿಂದ ಜಾಗತಿಕ ವಿದ್ಯಮಾನಗಳ ಮಟ್ಟಿಗೆ ಚಹಾದಂಗಡಿ ಪಾಠವೇ ಪ್ರಾಚೀನವೆಂದು ಇಲ್ಲಿ ಸ್ವೀಕರಿಸಲಾಗಿದೆ.

ಉಳ್ಳಾಗಡ್ಡಿಯ ವಿಷಯದಲ್ಲೂ ಇದೇ ನಿರ್ಣಯ. ಗಡಿಗಳು ಅಳಿಸಿಹೋಗಿವೆ, ರೈತ ಇನ್ನು ನೇರ ದುಬೈಗೆ ಮಾರಬಹುದು ಎಂಬುದು ಬ್ಯಾರೇಜ್ ಪಾಠ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಟನ್ನಿಗೆ 550 ಡಾಲರಿನ ಕನಿಷ್ಠ ದರ ಕಟ್ಟಿ ಮತ್ತೆ ಬಿಟ್ಟಿತು. ಗಡಿ ಎಲ್ಲಿದೆಯೆಂದು ಎರಿ ಹೊಲದವನಿಗೆ ತಿಳಿಯದ ದಿನವೇ ಇರಲಿಲ್ಲ.

ತಂತ್ರಜ್ಞಾನ ಮೀಮಾಂಸೆಯನ್ನು ಬೇಗ ಮುಗಿಸಬಹುದು. ಬೆಳೆಗೆ ಯಾವಾಗ ನೀರು ಬೇಕೆಂದು ಕೃತಕ ಬುದ್ಧಿಮತ್ತೆ ಹೇಳುತ್ತದೆ ಎಂದು ಪ್ರಕೃತ ಪುರುಷರು ಸಾರಿದಾಗ ಹಿರಿಯರೊಬ್ಬರು ಎತ್ತಿದ ಪೂರ್ವಪಕ್ಷ ಹೀಗಿದೆ: “ನೀರು ಯಾವಾಗ ಬೇಕು ಅಂತ ಬೆಳಿನ ಹೇಳ್ತೈತಿ ತಮ್ಮಾ. ತ್ರೀಫೇಸ್ ಕರೆಂಟು ಯಾವಾಗ ಬರ್ತೈತಿ ಅಂತ ಹೇಳೂದೈತೇನು ನೋಡು.” ಇದಕ್ಕೆ ಉತ್ತರಪಕ್ಷವಿದ್ದ ಭಾಗ ತ್ರುಟಿತ.

ಇನ್ನು ಪರೋಪಕಾರ. ಪ್ರಬಂಧದ ತಿರುಳು ಇಲ್ಲಿದೆ.

ದಾನವನ್ನು ಅರಿಯಲು ಶಾಸನವೇ ಗತಿ. ಇದೇ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರ ಶಾಸನ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ ಆಕೆ. ಅದೂ ತಾಳೆಗರಿಯ ಮೇಲೆ, ಕೈಯಲ್ಲಿ ಬರೆಸಿ. ನಮ್ಮ ಕಾಲದಲ್ಲಿ ಶಾಸನಗಳು ಕಲ್ಲಿನಿಂದ ಗುಡಿಯ ಫ್ಯಾನಿಗೆ ವಲಸೆ ಬಂದಿವೆ. ಮೊದಲ ರೆಕ್ಕೆಯಲ್ಲಿ ದಾನಿಯ ಹೆಸರು, ಎರಡನೆಯದರಲ್ಲಿ ಯಾರ ಸ್ಮರಣಾರ್ಥ ಎಂಬುದು, ಮೂರನೆಯದರಲ್ಲಿ ಊರು, ಜಾಗ ಮಿಕ್ಕಿದರೆ ಫೋನ್ ನಂಬರು. ಈ ಶಾಸನಗಳನ್ನು ಓದುವಲ್ಲಿ ವಿಚಿತ್ರ ತೊಡಕೊಂದಿದೆ. ಫ್ಯಾನು ತಿರುಗಿ ಗಾಳಿ ಕೊಡುವಾಗ ದಾನಿ ಕಾಣುವುದಿಲ್ಲ. ದಾನಿ ಕಾಣುವಾಗ ಗಾಳಿ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಪಡೆಯುವುದು ಅಸಾಧ್ಯ. ಇಂಥದೇ ಒಂದು ಇಕ್ಕಟ್ಟನ್ನು ಹೈಸೆನ್‌ಬರ್ಗ್ 1927ರಲ್ಲಿ ಕಣಗಳ ಬಗ್ಗೆ ಹೇಳಿ ಹೆಸರಾದ. ನಮ್ಮ ಗುಡಿಯ ಪೂಜಾರಿ ಯಾವುದೇ ಬಹುಮಾನದ ಆಸೆಯಿಲ್ಲದೆ ಇದನ್ನು ಪ್ರತಿ ಬೇಸಿಗೆಯಲ್ಲೂ ಬಲ್ಲ. ದಾನಿಯ ಕೀರ್ತಿ ಕರೆಂಟು ಹೋಗುವ ಅವಧಿಯನ್ನು ಅವಲಂಬಿಸಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಪ್ರಕೃತ ಪುರುಷರು ಈ ತೊಡಕನ್ನು ಬುದ್ಧಿವಂತಿಕೆಯಿಂದ ದಾಟಿದರು: ತಿರುಗದ ವಸ್ತುಗಳನ್ನಷ್ಟೇ ಕೊಟ್ಟರು. ತಂಗುದಾಣ, ಕಮಾನು, ಸಿಮೆಂಟ್ ಬೆಂಚು. ಬೆಂಚಿನ ಬೆನ್ನಮೇಲೆ ಹೆಸರಿದ್ದು, ಕೂತವರ ಬೆನ್ನಿಗೆ ಬೇಸಿಗೆಯಲ್ಲಿ ಅದರ ಅಚ್ಚು ಮೂಡುತ್ತದೆನ್ನುವುದು ಅತಿಶಯೋಕ್ತಿ ಇರಬಹುದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳಿಗೆ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಲು ಹೇಳಿತಲ್ಲ, ಅದರಿಂದ ಧರ್ಮಕ್ಕೊಂದು ದರ ಗೊತ್ತಾಯಿತು. ಉಳಿದ ಶೇ 98ರ ಬಗ್ಗೆ ಆ ಕಲಮು ಮೌನವಾಗಿದೆ. ಪ್ರಕೃತ ಪುರುಷರೂ ಅಷ್ಟೇ.

ಇಲ್ಲಿ ಅಪವಾದಗಳನ್ನು ಎದುರಿಸಬೇಕಾಗುತ್ತದೆ. ಅಮೆರಿಕದಲ್ಲಿ ಕ್ಯಾಸ್ಕೇಡ್, ಸೈಕಮೋರ್ ಕಂಪನಿಗಳನ್ನು ಕಟ್ಟಿದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಹುಬ್ಬಳ್ಳಿಯಲ್ಲಿ ನೆಲೆಯೂರಿ ನವಲಗುಂದದ ಕಡೆ ಹೊಲಗಳಲ್ಲಿ ಕೃಷಿಹೊಂಡ ತೋಡಿಸಿತು. ಹೊಂಡವೆಂದರೆ ತಗ್ಗು. ದಂಡೆಗೆ ಬೋರ್ಡು ನಿಲ್ಲಿಸಬಹುದೇ ಹೊರತು ನೀರಿನ ಮೇಲೆ ಹೆಸರು ಬರೆಯಲಾಗದು. ಶಾಸನಶಾಸ್ತ್ರಕ್ಕೆ ಇದರಿಂದ ಉಪಯೋಗವಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದ ಪ್ರಕರಣ ಇನ್ನೂ ಅನನುಕೂಲಕರ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘವೆಂದು ಅದು ಹೆಸರಾಯಿತು. ಅಲ್ಲಿ ಕೊಟ್ಟವರೂ ಸಾಲ ತಗೊಂಡವರೂ ಊರವರೇ. ಯಾರು ದಾನಿ, ಯಾರು ಫಲಾನುಭವಿ ಎಂದು ವಿಂಗಡಿಸಲಾಗದ ಇಂಥ ಅಶಿಸ್ತನ್ನು ಪರೋಪಕಾರವೆಂದು ಒಪ್ಪಲು ಪ್ರಕೃತ ಪುರುಷರು ಸಿದ್ಧರಿಲ್ಲ. “ಇದು ದೊಡ್ಡ ಮಟ್ಟಕ್ಕೆ ಬೆಳೆಯೋ ಮಾಡೆಲ್ ಅಲ್ಲ” ಎಂಬುದು ಬ್ಯಾರೇಜ್ ಪಾಠ. ನೂರು ವರ್ಷದಲ್ಲಿ ದೇಶದ ತುಂಬ ಸೊಸೈಟಿಗಳಾಗಿದ್ದು ಅವರ ಗಮನಕ್ಕೆ ಬಂದಂತಿಲ್ಲ.

ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯದು ಬೇರೆ ಬಗೆ. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕಿನ ಕಾರ್ಖಾನೆಗೆ ರಾಜ್ಯದೊಡನೆ ಒಪ್ಪಂದ ಮಾಡಿಕೊಂಡು 3000 ಎಕರೆಗೂ ಹೆಚ್ಚು ನೆಲ ಕೇಳಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ರೈತರು ಒಲ್ಲೆವೆಂದರು, 2011ರಲ್ಲಿ ಸರ್ಕಾರ ಹಿಂದೆ ಸರಿಯಿತು. ಪರೋಪಕಾರವನ್ನು ಬೇಡವೆನ್ನುವ ಹಕ್ಕು ಫಲಾನುಭವಿಗಿದೆಯೇ ಎಂಬ ತಾತ್ವಿಕ ಪ್ರಶ್ನೆ ಇದರಿಂದ ಏಳುತ್ತದೆ. ಚಹಾದಂಗಡಿ ಪಾಠದಲ್ಲಿ ಇದು ಪ್ರಶ್ನೆಯಾಗಿಯೇ ಬಂದಿಲ್ಲ.

ಕಡೆಯದಾಗಿ ಬ್ಯಾರೇಜು. ಈ ಸೀಮೆಯ ಅತಿ ದೊಡ್ಡ ಕೊಡುಗೆಯಾದ ಇದರ ದಾನಿ ಯಾರೆಂದು ಹುಡುಕಲಾಯಿತು. ಅಡಿಗಲ್ಲು, ಉದ್ಘಾಟನೆ, ಗುತ್ತಿಗೆ ಎಲ್ಲಕ್ಕೂ ಹೆಸರುಗಳು ಸಿಗುತ್ತವೆ. ಮನೆ, ಹೊಲ, ಹಿತ್ತಲು, ಗೋರಿಗಳನ್ನು ಹಿನ್ನೀರಿಗೆ ಬಿಟ್ಟುಕೊಡಬೇಕಾಗಿ ಬಂದವರು ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರದವರು. ಇವರ ಹೆಸರಿನ ಫ್ಯಾನಾಗಲಿ ಬೆಂಚಾಗಲಿ ಕಮಾನಾಗಲಿ ಕ್ಷೇತ್ರಕಾರ್ಯದಲ್ಲಿ ದೊರೆಯಲಿಲ್ಲ. ಶಾಸನಾಧಾರವಿಲ್ಲದ್ದರಿಂದ ಇವರನ್ನು ದಾನಿಗಳೆಂದು ಪರಿಗಣಿಸಲು ನಮ್ಮ ಅಧ್ಯಯನ ವಿಧಾನದಲ್ಲಿ ಅವಕಾಶವಿಲ್ಲ. ಮಾರ್ಗದರ್ಶಕರ ಸೂಚನೆಯಂತೆ ಈ ಭಾಗವನ್ನು ಅನುಬಂಧಕ್ಕೆ ಸಾಗಿಸಲಾಗಿದೆ. ಪುಟಮಿತಿಯ ಕಾರಣ ಅನುಬಂಧವನ್ನು ಕೈಬಿಡಲಾಗಿದೆ.