ಕೊನೆಗೆ ಹೇಳಿದವರದ್ದೇ ಮಾತು

ಬಂಗಾರಪೇಟೆ ರೈಲು ನಿಲ್ದಾಣದ ಕೋಡ್ ಬಿ.ಡಬ್ಲ್ಯೂ.ಟಿ. ಬಂಗಾರದಲ್ಲಿ ಈ ಡಬ್ಲ್ಯೂ ಎಲ್ಲಿ ನುಸುಳಿತು ಅಂತೀರಾ? 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಕೊಡುಗೆ ಅದು. ಆಗ ಊರಿಗೆ ಬೌರಿಂಗ್‌ಪೇಟೆ ಅಂತ ಹೆಸರು. ಸಾಹೇಬರು ಹೋದರು, ಬೋರ್ಡೂ ಬದಲಾಯಿತು, ಕೋಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾಳೆ ಬದಲಾಗುವಂಥದ್ದನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ಬರೆಯಬೇಡಿ, ಹೊರಗೊಂದು ಫೈಲಿನಲ್ಲಿಡಿ ಎಂದು ನಮ್ಮ ಕಸುಬಿನಲ್ಲಿ ಬಡಕೊಳ್ಳುವುದು ಇದಕ್ಕೇ.

ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆಯಲ್ಲಿ ಕೂತು ನಾನು ಮಾಡುವುದು ಜಾವಾ ಕೆಲಸ, ಸ್ಪ್ರಿಂಗ್ ಬೂಟ್‌ನಲ್ಲಿ. ಹೊರಗಿನ ಫೈಲ್ ಓದಿಸುವುದು ಇದರಲ್ಲಿ ಸುಲಭ. ಒಂದೇ ಸೆಟ್ಟಿಂಗನ್ನು ನಾಲ್ಕು ಕಡೆ ಬರೆದಿದ್ದರೆ ಯಾರ ಮಾತು ನಡೆಯುತ್ತದೆ ಅನ್ನುವುದೇ ತಕರಾರು. ಬಂಗಾರಪೇಟೆಯ ಪಾನಿಪುರಿ ಗಾಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರಿ ಮೊದಲೇ ಕರಿದದ್ದು, ಅದನ್ನು ಯಾರೂ ಮುಟ್ಟುವಂತಿಲ್ಲ. ನೀರಿನಂತೆ ತಿಳಿಯಾಗಿ ಕಂಡು ನೆತ್ತಿಗೇರುವ ಆ ಪಾನಿಯ ಖಾರ ಗಾಡಿಯಣ್ಣನ ಲೆಕ್ಕ. ಆದರೆ ತಟ್ಟೆ ಹಿಡಿದವರು "ಅಣ್ಣಾ, ಖಾರ ಕಮ್ಮಿ" ಅಂದಮೇಲೆ ಅಣ್ಣನ ಲೆಕ್ಕವೂ ಇಲ್ಲ.

ಸ್ಪ್ರಿಂಗ್ ಬೂಟ್‌ನಲ್ಲೂ ಹೀಗೇ. ಪ್ರೋಗ್ರಾಮನ್ನು ಕಟ್ಟಿಟ್ಟ ಗಂಟಾದ ಜಾರ್‌ನೊಳಗಿನ ಅಪ್ಲಿಕೇಶನ್ ಡಾಟ್ ಪ್ರಾಪರ್ಟೀಸ್ ಫೈಲ್ ಹೇಳಿದ್ದನ್ನು ಜಾರ್‌ನ ಪಕ್ಕದಲ್ಲಿಟ್ಟ ಫೈಲ್ ಅಳಿಸುತ್ತದೆ. ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಅಳಿಸುತ್ತದೆ, ಅದನ್ನೂ ಕಮಾಂಡ್ ಲೈನ್ ಅಳಿಸುತ್ತದೆ. ಒಂದೇ ಫೋಲ್ಡರಿನಲ್ಲಿ ಪ್ರಾಪರ್ಟೀಸ್, ಯಾಮಲ್ ಎರಡೂ ಇದ್ದರೆ ಗೆಲ್ಲುವುದು ಪ್ರಾಪರ್ಟೀಸ್. ಯಾಮಲ್‌ನದ್ದು ಮೊದಲೇ ಮಡಿವಂತಿಕೆ: ಸಾಲಿನ ಮುಂದೆ ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಮೈಲಿಗೆ. ಇನ್ನು "ಕಾನ್ಫಿಗ್ ಲೊಕೇಶನ್" ಅಂದರೆ ಹಳೆಯ ಜಾಗಗಳನ್ನೆಲ್ಲ ಮರೆತು ಇಲ್ಲೇ ನೋಡು ಅಂತ. ಜೊತೆಗೆ ಇಲ್ಲೂ ನೋಡು ಅನ್ನಬೇಕಾದರೆ "ಅಡಿಷನಲ್ ಲೊಕೇಶನ್" ಅನ್ನಬೇಕು. ಈ ಒಂದು ಪದಕ್ಕಾಗಿ ಎಷ್ಟು ಜನರ ಶುಕ್ರವಾರದ ಸಂಜೆ ಹಾಳಾಗಿದೆಯೋ.

ಮೊನ್ನೆ ನನ್ನ ಫೈಲಿನಲ್ಲಿ ಪೋರ್ಟು 8081 ಅಂತ ಸ್ಪಷ್ಟವಾಗಿತ್ತು. ಪ್ರೋಗ್ರಾಮು ಹಠ ಹಿಡಿದು 9090ರಲ್ಲೇ ಏಳುತ್ತಿತ್ತು. ಫೈಲ್ ಸೇವ್ ಆಗಿದೆ, ಜಾಗ ಸರಿ, ಕಾಗುಣಿತ ಸರಿ. ಕಡೆಗೆ ಸರ್ವರಿನ ಎನ್ವಿರಾನ್‌ಮೆಂಟ್ ತೆಗೆದು ಒಂದೊಂದೇ ಸಾಲು ಓದುತ್ತಾ ಹೋದರೆ, ನಡುವೆ ತಣ್ಣಗೆ ಕೂತಿತ್ತು: ಸರ್ವರ್ ಅಂಡರ್‌ಸ್ಕೋರ್ ಪೋರ್ಟ್, 9090. ಯಾರೋ ಪುಣ್ಯಾತ್ಮ ಯಾವತ್ತೋ ಇಟ್ಟುಹೋದದ್ದು.

ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿ ನನ್ನ ಗೊಣಗಾಟ ಕೇಳಿ, "ಯಾರಪ್ಪಾ ಅದು, ಹಂಗೆ ಬೈತಿದೀಯ?" ಅಂದರು.

"ಮುಂಚೆ ಇದ್ದೋನೊಬ್ಬ ಅಜ್ಜಿ. ಇದು ಅವನು ಹೇಳಿದ್ದೇ ಕೇಳ್ತೈತೆ, ನನ್ನ ಮಾತು ಕೇಳಲ್ಲ."

"ಈಗೆಲ್ಲಿದಾನೆ ಅವನು?"

"ಕೆಲಸ ಬಿಟ್ಟು ಎರಡು ವರ್ಷ ಆಯ್ತು."

ಅಜ್ಜಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೋದೋನ ಮಾತಿಗೇ ಇಷ್ಟು ಮರ್ವಾದೆ ಕೊಡ್ತೈತಾ? ನಮ್ಮನೇಲಿ ಇದ್ದೋರ ಮಾತೇ ಯಾರೂ ಕೇಳಲ್ಲ."