ಮೈದಾನದ ಒಂದೇ ಕಂಬ

ಸೈಕಲ್ ಕಲಿಯುವವನಿಗೂ ಲೈಟುಕಂಬಕ್ಕೂ ಯಾವ ಜನ್ಮದ ಋಣವೋ ಗೊತ್ತಿಲ್ಲ. ಯಶವಂತಪುರದಲ್ಲಿ ನಾನು ಬಾಡಿಗೆ ಸೈಕಲ್ ತಂದು ಒಳಪೆಡ್ಲು ಹೊಡೆಯುತ್ತಿದ್ದ ಮೈದಾನದಲ್ಲಿ ಇದ್ದದ್ದು ಒಂದೇ ಕಂಬ. ಸುತ್ತ ನಾಲ್ಕು ಲಾರಿ ಅಕ್ಕಪಕ್ಕ ಓಡುವಷ್ಟು ಜಾಗ. ಆದರೂ ನನ್ನ ಸೈಕಲ್ಲು, ಹಗ್ಗ ಬಿಚ್ಚಿದ ಕರು ತಾಯಿಯತ್ತ ಓಡುವ ಹಾಗೆ, ನೆಟ್ಟಗೆ ಆ ಕಂಬದ ಕಡೆಗೇ ಹೋಗುತ್ತಿತ್ತು. ಅರ್ಧ ಗಂಟೆಯ ಬಾಡಿಗೆಯಲ್ಲಿ ಕಾಲು ಗಂಟೆ ರಿಪೇರಿಗೇ ಖರ್ಚು. ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಸೊಟ್ಟಗಾದ ಹ್ಯಾಂಡಲ್ ತಿರುವಿ ನೆಟ್ಟಗೆ ಮಾಡಿ, ಏನೂ ಆಗದವನ ಮುಖ ಹಾಕಿಕೊಂಡು ಅಂಗಡಿಗೆ ವಾಪಸ್. ಅಂಗಡಿಯವರು ಸೈಕಲ್ಲನ್ನು ನೋಡುತ್ತಲೇ ಇರಲಿಲ್ಲ. ನನ್ನ ಮಂಡಿ ನೋಡುತ್ತಿದ್ದರು.

ಆಮೇಲೆ ಸ್ಕೂಟರು, ಕಾರು, ಸಕ್ಕರೆ ಕಾಯಿಲೆ ಎಲ್ಲ ಒಂದೊಂದಾಗಿ ಬಂದವು. ಸೈಕಲ್ಲು ಮತ್ತೆ ಸಿಕ್ಕಿದ್ದು ಯಲಹಂಕ ಉಪನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ. ಮಗ ಕೆಲಸಕ್ಕೆಂದು ಪುಣೆಗೆ ಹೋಗುವಾಗ ಬಿಟ್ಟುಹೋದ ಮೌಂಟನ್ ಬೈಕು ಅದು. ಇಪ್ಪತ್ತೇಳು ಗೇರು, ಡಿಸ್ಕ್ ಬ್ರೇಕು, ಹಪ್ಪಳದ ಮಣೆಯಷ್ಟು ಅಗಲ ಅನ್ನಿಸುವ ಟೈರು. ಎರಡು ವರ್ಷ ಅದರ ಮೇಲೆ ಟವೆಲುಗಳು ಒಣಗಿದ್ದವು. ನಾನು ಟವೆಲು ತೆಗೆದು ಧೂಳು ಒರೆಸತೊಡಗಿದಾಗ ಹೆಂಡತಿ ಕೇಳಿದಳು: “ರೀ, ಬೆಟ್ಟದ ಸೈಕಲ್ ಅಂತೀರಲ್ಲ, ಬೆಟ್ಟ ಎಲ್ಲಿದೆ?”

ನ್ಯಾಯವಾದ ಪ್ರಶ್ನೆಯೇ. ಉತ್ತರ ಬೆಂಗಳೂರಿನವರಿಗೆ ದಿನಾ ಸಿಗುವ ದೊಡ್ಡ ಏರು ಅಂದರೆ ಹೆಬ್ಬಾಳದ ಫ್ಲೈಓವರು. ಅದನ್ನೂ ಹತ್ತುವುದಕ್ಕಿಂತ ಅದರ ಮೇಲೆ ನಿಲ್ಲುವುದೇ ಹೆಚ್ಚು. 1478 ಮೀಟರ್ ಎತ್ತರದ ನಂದಿಬೆಟ್ಟ ಇದೆ ನಿಜ. ಭಾನುವಾರ ಬೆಳಕು ಹರಿಯುವ ಮೊದಲೇ ಬಳ್ಳಾರಿ ರಸ್ತೆಯಲ್ಲಿ ತೆಳು ಟೈರಿನ ಸೈಕಲ್ಲುಗಳು ಕೆಂಪು ದೀಪ ಮಿಟುಕಿಸುತ್ತ ಅತ್ತ ಸಾಲುಗಟ್ಟುತ್ತವೆ. ಆದರೆ ಅದು ಟಾರು ರಸ್ತೆ. ನನ್ನ ಸೈಕಲ್ಲಿಗೆ ಬೇಕಾದದ್ದು ಮಣ್ಣು, ಕಲ್ಲು, ಬೇರು, ಕೊರಕಲು. ಮೇಲಿನ ಮನೆಯ ಇಂಜಿನಿಯರಿಂಗ್ ಹುಡುಗ ದಾರಿ ತೋರಿಸಿದ: “ಅಂಕಲ್, ಆವಲಹಳ್ಳಿ ಕಾಡಿಗೆ ಬನ್ನಿ. ಎಲ್ಲಾ ಅಲ್ಲೇ ಕಲಿಯೋದು.”

ಕಾಡಿಗೆ ಮೊದಲು ಪಂಚರ್ ಅಂಗಡಿ. ಮಣ್ಣಿನ ದಾರಿಯಲ್ಲಿ ಟೈರು ನೆಲವನ್ನು ತಬ್ಬಿಕೊಳ್ಳಬೇಕು, ಅದಕ್ಕೆ ಗಾಳಿ ಕಮ್ಮಿ ಇರಲಿ, ಮೂವತ್ತರ ಆಸುಪಾಸು ಸಾಕು ಎಂದು ಹುಡುಗ ಹೇಳಿಕೊಟ್ಟಿದ್ದ. ಅಂಗಡಿಯಾತ ಕಲ್ಲಿನಂತೆ ತುಂಬಿ, ಹೆಬ್ಬೆರಳಿನಿಂದ ಒತ್ತಿ, ತೃಪ್ತಿಯಿಂದ ತಲೆಯಾಡಿಸಿದ. ಸ್ವಲ್ಪ ಬಿಡಪ್ಪಾ ಎಂದೆ. ಬಿಟ್ಟ. ಇನ್ನೂ ಸ್ವಲ್ಪ ಎಂದೆ. ಅವನು ಎದ್ದುನಿಂತ. “ಸಾರ್, ಇಷ್ಟು ಗಾಳಿ ಇದ್ರೆ ನಮ್ಮಲ್ಲಿ ಪಂಚರ್ ಅಂತೀವಿ.”

ಆವಲಹಳ್ಳಿಯದು ಬಹುಪಾಲು ನೀಲಗಿರಿ ತೋಪು. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದ ತನ್ನ ತೋಟದಲ್ಲಿ ಈ ಮರ ನೆಡಿಸಿದನೆಂಬ ಮಾತಿದೆ. ನೆಲದ ನೀರು ಹೀರುತ್ತದೆಂದು 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನನ್ನದು ಇನ್ನೊಂದು ದೂರು: ಉದುರಿದ ಒಣಎಲೆ ಚಕ್ರದಡಿಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಹುಡುಗನ ಪಾಠ ಇಳಿಜಾರಿನಿಂದ ಶುರುವಾಯಿತು. ಎರಡೂ ಪೆಡಲು ಸಮ. ಸೀಟಿನಿಂದ ಎದ್ದು, ಮಂಡಿ ಮೊಣಕೈ ಮಡಚಿ, ಸೊಂಟ ಹಿಂದಕ್ಕೆ. ಕುಕ್ಕರುಗಾಲಿನಲ್ಲಿ ಕೂತು ಬೆಳೆದ ಪೀಳಿಗೆ ನಮ್ಮದು, ಇದರಲ್ಲಿ ನಾನು ಪಾಸು. ಬ್ರೇಕು ಮಾತ್ರ ಫೇಲು. ಸಣ್ಣ ಕೊರಕಲು ಕಂಡೊಡನೆ ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಇಡೀ ಮುಷ್ಟಿಯಿಂದ ಹಿಡಿದೆ. ಸೈಕಲ್ಲು ಅಲ್ಲೇ ನಿಂತಿತು. ನಾನು ಪ್ರಯಾಣ ಮುಂದುವರಿಸಿದೆ. “ಒಂದೇ ಬೆರಳಲ್ಲಿ ಹಿಡೀರಿ ಅಂಕಲ್, ಸ್ವಲ್ಪ ಸ್ವಲ್ಪ” ಎಂದು ಎಬ್ಬಿಸಿದ. ಎದ್ದೆ.

ಆಮೇಲೆ ಬಂತು ನನ್ನ ಕಲ್ಲು. ಎಮ್ಮೆಯ ತಲೆಯಷ್ಟು ದೊಡ್ಡದು. ಎಡಕ್ಕೆ ಎರಡು ಮೊಳ ಜಾಗ, ಬಲಕ್ಕೆ ಮೂರು ಮೊಳ. ಮೂರು ಸಲ ಬಂದೆ, ಮೂರು ಸಲವೂ ಅದಕ್ಕೇ ಗುದ್ದಿದೆ. ಹುಡುಗ ಹೇಳಿದ: “ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀರ ಅಂಕಲ್. ಪಕ್ಕದ ದಾರಿ ನೋಡಿ.”

ಯಶವಂತಪುರದ ಕಂಬದ ಗುಟ್ಟು ಬಿಡಿಸಲು ಇಷ್ಟು ವರ್ಷ ಬೇಕಾಯಿತು! ಕಣ್ಣು ಹೋದತ್ತ ಭುಜ, ಭುಜ ಹೋದತ್ತ ಹ್ಯಾಂಡಲ್. ಗುದ್ದಬಾರದು ಗುದ್ದಬಾರದು ಎಂದು ದಿಟ್ಟಿಸಿದ್ದಕ್ಕೇ ಗುದ್ದುತ್ತಿದ್ದೆ. ಸಂಸಾರದಲ್ಲೂ ಆಫೀಸಿನಲ್ಲೂ ನಾನು ಗುದ್ದಿದ ಎಷ್ಟೋ ಕಂಬಗಳು ನೆನಪಾದವು. ಅವುಗಳ ಪಕ್ಕದಲ್ಲೂ ಮೂರು ಮೊಳ ಜಾಗ ಇದ್ದಿರಲೇಬೇಕು.

ಈ ಆಟ ಬೆಳೆದದ್ದು ಅಮೆರಿಕದಲ್ಲಿ. 1976ರ ಸುಮಾರಿಗೆ, ನಾನು ಕಂಬದ ಸಹವಾಸದಲ್ಲಿದ್ದಾಗಲೇ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಗುಜರಿಗೆ ಹೋಗಬೇಕಾದ ಹಳೇ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಪಂದ್ಯ ಕಟ್ಟಿ ಇಳಿಸುತ್ತಿದ್ದರು. ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಚಕ್ರದ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಗ್ರೀಸು ಮತ್ತೆ ತುಂಬಬೇಕಾದ್ದರಿಂದ ಆ ದಾರಿಗೇ ‘ರೀಪ್ಯಾಕ್’ ಎಂದು ಹೆಸರು ಬಿತ್ತು. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಅದು ಒಲಿಂಪಿಕ್ಸ್ ಸೇರಿತು. ಎರಡು ಕ್ಯಾನು ನೇತುಹಾಕಿಕೊಂಡು, ಹನಿ ಚೆಲ್ಲದಂತೆ, ಗದ್ದೆಬದುವಿನ ಮೇಲೆ ಬರುತ್ತಿದ್ದ ನಮ್ಮೂರುಗಳ ಹಾಲಿನವರಿಗೆ ಯಾರೂ ಪದಕ ಕೊಡಲಿಲ್ಲ. ಗೇರಿಲ್ಲ, ಹೆಲ್ಮೆಟ್ಟಿಲ್ಲ, ಸಾಲದ್ದಕ್ಕೆ ಹಾಲು ನೀರಾಯಿತೆಂದು ಬೈಗುಳ ಬೇರೆ.

ನಾಲ್ಕನೇ ಭಾನುವಾರ ನಾನು ಆ ಕಲ್ಲನ್ನು ದಾಟಿದೆ. ದಾಟಿದ್ದು ಗೊತ್ತಾಗಿದ್ದೇ ಹತ್ತು ಮಾರು ಮುಂದೆ ಹೋದ ಮೇಲೆ. ಇಳಿಜಾರು ಮುಗಿದರೂ ಚಕ್ರ ತಾನೇ ಉರುಳುತ್ತಿತ್ತು, ನೀಲಗಿರಿಯ ಘಮ ಮೂಗಿಗೆ ಹತ್ತಿತ್ತು, ಸಕ್ಕರೆ ಬಿಪಿ ಯಾವುದೂ ನೆನಪಿರಲಿಲ್ಲ. ಅದೇ ಹೊತ್ತಿಗೆ ಯಲಹಂಕದ ವಾಯುನೆಲೆಯ ಕಡೆಯಿಂದ ವಿಮಾನವೊಂದು ತಲೆ ಮೇಲೆ ಗುಡುಗಿತು. ಕತ್ತೆತ್ತಿದೆ. ಕಣ್ಣು ಹೋದತ್ತ ಸೈಕಲ್ಲು ಹೋಗಬೇಕಷ್ಟೆ. ಹಾರಲು ಬಾರದ್ದರಿಂದ ಅದು ಪಕ್ಕದ ಲಂಟಾನಾ ಪೊದೆಯನ್ನು ಆರಿಸಿಕೊಂಡಿತು.

ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಹ್ಯಾಂಡಲ್ ನೆಟ್ಟಗೆ ಮಾಡಿದೆ. ಕೈಗೆ ಆ ವಿದ್ಯೆ ಇನ್ನೂ ಮರೆತಿರಲಿಲ್ಲ. ಏನೂ ಆಗದವನ ಮುಖ ಹಾಕಿಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲು ತೆರೆದಳು. ಸೈಕಲ್ಲಿನ ಕಡೆ ನೋಡಲೂ ಇಲ್ಲ. ಮಂಡಿ ನೋಡಿದಳು.